ಇಲ್ಲದ ದಾರಿಯಲ್ಲಿ ಜೀಪು

"ಕೈ ಮೇಲೆತ್ತು!"

ಜೋಡಿನಳಿಗೆ ಬಂದೂಕು ನನ್ನ ಪಕ್ಕೆಗೆ ತಿವಿಯಿತು. ಹಿಡಿದವನು ರೂಪರ್ಟ್ ಹ್ಯಾಸೆಲ್. ಥಾರ್ನ್‌ಬಿಯ ಜಮೀನ್ದಾರ!

ಥಾರ್ನ್‌ಬಿ ಅಂದರೆ ಏನು ಮಹಾ? ಹನ್ನೊಂದು ಮನೆ, ಒಂದು ಪಬ್ಬು. ಪಕ್ಕದ ಹಾಲೋಗೇಟಿನಲ್ಲಿ ಒಂಬತ್ತೇ ಮನೆ ಎಂದು ಇವರಿಗೆ ಜಂಬ! ನೋಡಲು ಇರುವುದು ಒಂದೇ... ಸಮುದ್ರದೊಳಗಿನ ದಿಬ್ಬದ ಮೇಲೆ ಈ ಹಳೇ ಚರ್ಚು. ಇಳಿತದಲ್ಲಿ ಮರಳಿನ ದಾರಿ ತೆರೆದುಕೊಳ್ಳುತ್ತದೆ. ಉಬ್ಬರದಲ್ಲಿ ಮುಳುಗುತ್ತದೆ.

ಅಲ್ಲಿ ದಾರಿಯೇ ಇಲ್ಲ, ಅದು ತನ್ನ ಜಾಗ ಎಂದು ಹ್ಯಾಸೆಲ್ ಬೇಲಿ ಹಾಕಿದ್ದ. ಬಂದವರಿಗೆ ಚಹಾ ಮಾರುವ ಈಡಿತ್ ಅಜ್ಜಿಯ ಅಂಗಡಿ ಮುಚ್ಚುವುದರಲ್ಲಿತ್ತು. ಇವತ್ತು ನಾಲ್ಕಕ್ಕೆ ಈ ದಾರಿಯ ಬಗ್ಗೆ ವಿಚಾರಣೆ. ದಾರಿ ಜನರದ್ದೆಂದು ತೋರಿಸುವ ಹಳೇ ನಕ್ಷೆ ಚರ್ಚಿನಲ್ಲಿತ್ತು. ಅದನ್ನು ತರಲು ಅಜ್ಜಿ ಪತ್ತೇದಾರನಾದ ನನ್ನನ್ನು ಕಳಿಸಿದ್ದಳು.

"ಕೊಡೋ ಅದನ್ನ!"

ನನ್ನ ಕೈಯಲ್ಲಿದ್ದ ನಕ್ಷೆ ಕಿತ್ತುಕೊಂಡ. ಲೈಟರ್ ಹಚ್ಚಿದ. ಬೂದಿ!

"ಎರಡೂವರೆ ತನಕ ತೆಪ್ಪಗೆ ಕೂತ್ಕೋ. ಆಮೇಲೆ ನಾನು ಜೀಪಲ್ಲಿ ಹೋಗ್ತೀನಿ. ನೀನು ನಡ್ಕೊಂಡು ಬಾ, ಉಬ್ಬರಕ್ಕೆ ಮುಂಚೆ ದಾಟ್ತೀಯೇನೋ ನೋಡೋಣ!"

"ಎರಡಕ್ಕೇ ನೀರು ಬರುತ್ತಂತಲ್ಲ? ಪ್ರವಾಸಿಗರ ಕರಪತ್ರದಲ್ಲಿದೆ."

"ಥೂ, ಪೆದ್ದ! ಉಬ್ಬರದ ಲೆಕ್ಕ ಯಾವಾಗ್ಲೂ ಚಳಿಗಾಲದ ಗಡಿಯಾರಕ್ಕೆ. ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದಿಡ್ತೀವಲ್ಲ, ಅದನ್ನ ಕೂಡಿಸ್ಬೇಕು. ಮೂರಕ್ಕೆ ಬರೋದು! ನಮ್ಮಜ್ಜನ ಕಾಲದಿಂದ ಹಾಗೇ!"

ಕರಪತ್ರದ ಕೆಳಗೆ ಸಣ್ಣಕ್ಷರದಲ್ಲಿತ್ತು: ಬೇಸಿಗೆಯ ಒಂದು ಗಂಟೆ ಕೂಡಿಸಿಯೇ ಅಚ್ಚು ಹಾಕಿದೆ. ಆದರೆ ಪ್ರವಾಸಿಗರ ಕರಪತ್ರ ಓದಿದರೆ ಜಮೀನ್ದಾರನ ಮರ್ಯಾದೆ ಏನಾಗಬೇಕು?

ಕರಪತ್ರವನ್ನು ಜೇಬಿನಲ್ಲೇ ಬಿಟ್ಟೆ.

ಎರಡೂವರೆಗೆ ಜೀಪು ಹೊರಟಿತು. ಎದುರಿಗೆ ನೀರು ಕಂಡರೂ ನಿಲ್ಲಿಸಲಿಲ್ಲ ಪುಣ್ಯಾತ್ಮ! ಮೂವತ್ತು ಗಜ... ಚಕ್ರ ಮುಳುಗಿತು. ಬಾಗಿಲು ಮುಳುಗಿತು. ಹ್ಯಾಸೆಲ್ ಮೇಲೆ ಹತ್ತಿ ಕೂತ. ಬಂದೂಕು ಸಮುದ್ರ ಪಾಲು!

"ಫೋನ್ ಮಾಡೋ! ನಂದು ನೀರಿಗೆ ಬಿತ್ತು! ನಂಗೆ ಈಜು ಬರಲ್ಲ!"

ಕರಾವಳಿ ರಕ್ಷಣೆಯವರಿಗೆ ಫೋನ್ ಹಚ್ಚಿದೆ. ಸ್ಪೀಕರ್ ಹಾಕಿ ಎತ್ತಿ ಹಿಡಿದೆ.

"ಎಲ್ಲಿದೀರಿ ಅಂತ ಕೇಳ್ತಿದಾರೆ, ಸಾಹೇಬ್ರೇ!"

"ದಾರೀಲಿ!"

"ಯಾವ ದಾರಿ? ಇಲ್ಲಿ ದಾರಿನೇ ಇಲ್ವಲ್ಲ!"

ನೀರು ಅವನ ಬೂಟು ಮುಟ್ಟಿತು.

"ಚರ್ಚಿನ ದಾರಿ! ಊರೋರೆಲ್ಲ ಓಡಾಡೋ ದಾರಿ! ಜನರ ದಾರಿ ಕಣೋ, ದರಿದ್ರದವನೇ!"

"ಗೊತ್ತಾಯ್ತು ಸರ್," ಎಂದಳು ಫೋನಿನ ಹೆಂಗಸು. "ಮಾತೆಲ್ಲ ರೆಕಾರ್ಡ್ ಆಗಿದೆ. ದೋಣಿ ಬರ್ತಿದೆ."

ನನ್ನ ಫೋನಿನಲ್ಲೂ ರೆಕಾರ್ಡ್ ಆಗಿತ್ತು. ದೋಣಿ ನಮ್ಮಿಬ್ಬರನ್ನೂ ದಡ ಸೇರಿಸಿತು. ನಾಲ್ಕಕ್ಕೆ ವಿಚಾರಣೆಯಲ್ಲಿ ಹ್ಯಾಸೆಲ್ ಕಂಬಳಿ ಹೊದ್ದು ಕೂತಿದ್ದ. ಅಧಿಕಾರಿ ಅವನ ಮಾತನ್ನು ಎರಡು ಸಲ ಹಾಕಿಸಿ ಕೇಳಿದರು. ಮರುದಿನವೇ ಬೇಲಿ ಕಿತ್ತರು.

ಜೀಪು ಇನ್ನೂ ಅಲ್ಲೇ ಹೂತುಕೊಂಡಿದೆ. ಚರ್ಚಿಗೆ ದಾರಿ ಯಾವುದು ಎಂದು ಕೇಳಿದವರಿಗೆ ಈಡಿತ್ ಅಜ್ಜಿ ಅದನ್ನೇ ತೋರಿಸುತ್ತಾಳೆ!