ಕತ್ತು ನಿಂತ ಹೂ

ನಮ್ಮ ಹೂತೋಟದ ಶೆಡ್ಡಿನ ಬಾಗಿಲ ಬಳಿ ಒಂದು ಬಕೆಟ್ ಜಿನ್ನಿಯಾ ಇತ್ತು. ನಾನು ಕೊಯ್ದದ್ದಲ್ಲ. ಅತ್ತೆಯೂ ಅಲ್ಲ, ಅತ್ತೆ ಕೊಯ್ದರೆ ಕಡ್ಡಿಯ ಕೆಳಗಿನ ಎಲೆ ಬಿಡಿಸಿಯೇ ನೀರಿಗಿಡುತ್ತಾರೆ. ಇವುಗಳ ಎಲೆ ನೀರೊಳಗೇ ಇತ್ತು. ಹೂಗಳು ಬಕೆಟ್ಟಿನ ಅಂಚಿಗೆ ತಲೆ ಚೆಲ್ಲಿ ಮಲಗಿದ್ದವು.

"ಯಾರು ಕೊಯ್ದಿದ್ದು ಇದನ್ನ?"

"ನಾನೇ ಮೇಡಂ," ಎಂದಿತು ಮೇಲಿನಿಂದ ಒಂದು ದನಿ.

ತಲೆಯೆತ್ತಿದೆ. ಗಿಡ ಬೆಳೆಸುವ ಪಾಲಿಹೌಸಿನ ಕಬ್ಬಿಣದ ಕಮಾನಿನ ಮೇಲೆ ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂತಿದ್ದ. ಅವನ ಹಿಂದೆ ಹರಿದ ಪ್ಲಾಸ್ಟಿಕ್ ಶೀಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಂಬ ಹಿಡಿದುಕೊಂಡೆ.

"ಕೆಳಗಿಳೀರಿ."

"ಈಗಷ್ಟೇ ಹತ್ತಿದ್ದೀನಿ..."

"ಇಳೀರಿ ಅಂದೆನಲ್ಲ!"

ಇಳಿದು ಬಂದ. ಕೈ ಒರೆಸಿಕೊಂಡು, ಬಕೆಟ್ ಕಡೆ ನೋಡಿ, ನನ್ನ ಕಡೆ ನೋಡಿದ. "ಏಣಿ ಇಡೋ ಜಾಗದಲ್ಲಿದ್ವು ಮೇಡಂ. ತುಳಿದು ಹಾಳು ಮಾಡೋದಕ್ಕಿಂತ ಕೊಯ್ದಿಡೋಣ ಅಂತ. ನಾಲ್ಕು ಹೂವಿಗೆ ಇಷ್ಟು ಕೋಪಾನಾ?"

ಕೋಪ ಹೂವಿನದೆಂದೇ ಅವನು ತಿಳಿದ. ಹಾಗೇ ತಿಳಿಯಲಿ ಎಂದು ನಾನೂ ಬಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಪಕ್ಕದ ಪಾತಿಗೆ ಹೋಗಿ ಗಿಡದಲ್ಲಿದ್ದ ಒಂದು ಹೂವಿನ ಕಡ್ಡಿ ಹಿಡಿದೆ.

"ನೋಡಿ. ಹೂವಿಂದ ಒಂದು ಗೇಣು ಕೆಳಗೆ ಹಿಡಿದು ಅಲ್ಲಾಡಿಸಬೇಕು. ತಲೆ ಅತ್ತಿತ್ತ ತೊನೆದಾಡಿದ್ರೆ ಇನ್ನೂ ಕತ್ತು ನಿಂತಿಲ್ಲ ಅಂತ. ಅಂಥದನ್ನ ಕೊಯ್ದರೆ ಎಷ್ಟು ನೀರು ಕುಡಿಸಿದ್ರೂ ಏಳಲ್ಲ. ಇದು ನೋಡಿ, ಕಡ್ಡಿ ಪೂರ್ತಿ ಅಲ್ಲಾಡ್ತಿದೆ, ತಲೆ ಮಾತ್ರ ನೆಟ್ಟಗಿದೆ. ಇದನ್ನ ಕೊಯ್ಯಬಹುದು."

"ಕೂಸಿನ ಥರ."

"ಹ್ಞೂಂ, ಕೂಸಿನ ಥರ."

"ಕತ್ತು ನಿಂತಿದೆಯಾ ಅಂತ ನಮ್ಮಕ್ಕನ ಕೂಸನ್ನ ಹೀಗೆ ಅಲ್ಲಾಡಿಸಿದ್ರೆ ಪೊರಕೆ ತಗೊಂಡು ಅಟ್ಟಿಸ್ಕೊಂಡು ಬರ್ತಾಳೆ."

ನಾನು ನಗಲಿಲ್ಲ. ಶೆಡ್ಡಿನೊಳಗೆ ಕಾರ್ನೇಷನ್ ಹೂಗಳ ಎಲೆ ಬಿಡಿಸುತ್ತಿದ್ದ ಅತ್ತೆ ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೆಂದರೆ ಬೆಚ್ಚಿಬಿದ್ದೆ.

*

ಹೋದ ವರ್ಷ, ಗಾಳಿಯ ಕಾಲದಲ್ಲಿ, ನನ್ನ ಗಂಡ ಆ ಛಾವಣಿಯಿಂದ ಬಿದ್ದ, ಮತ್ತೆ ಏಳಲಿಲ್ಲ.

ನಾನು ಕೊಯ್ದ ಹೂ ಇಡುವ ಕೋಲ್ಡ್ ರೂಮಿನಲ್ಲಿದ್ದೆ. ಅದರ ದಪ್ಪ ಬಾಗಿಲು ಹಾಕಿದರೆ ಹೊರಗಿನದೇನೂ ಕೇಳಿಸುವುದಿಲ್ಲ. ಬಕೆಟ್ಟುಗಳನ್ನು ಸಾಲಾಗಿಟ್ಟು, ದೀಪ ಆರಿಸಿ, ಬಾಗಿಲು ತೆರೆದೆ. ಹೊರಗೆ ಜನ ಸೇರಿದ್ದರು.

ಅಂದಿನಿಂದ ಆ ಬಾಗಿಲನ್ನು ನಾನು ಪೂರ್ತಿ ಹಾಕುವುದಿಲ್ಲ. ಸಂದಿಗೆ ಒಂದು ಖಾಲಿ ಬಕೆಟ್ ಇಡುತ್ತೇನೆ. ಚಳಿ ಸೋರಿಹೋಗುತ್ತದೆ, ಮೊಗ್ಗು ಬೇಕಾದ್ದಕ್ಕಿಂತ ಬೇಗ ಬಿರಿಯುತ್ತದೆ. ಅತ್ತೆ ನೋಡಿಯೂ ನೋಡದಂತಿರುತ್ತಾರೆ.

ನಾನು ಸಸ್ಯಶಾಸ್ತ್ರ ಓದಿದವಳು. ಕೊಯ್ದ ಹೂವೆಂದರೆ ಬೇರಿನಿಂದ ಬೇರೆಯಾದ ಮೇಲೂ ಉಸಿರಾಡುತ್ತಿರುವ ಜೀವ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಒಳ್ಳೆಯ ಅಂಕ ಬಂದಿತ್ತು.

ಹರಿದ ಶೀಟು ಹರಿದೇ ಇತ್ತು. ಯಾರನ್ನೂ ಹತ್ತಲು ಬಿಟ್ಟಿರಲಿಲ್ಲ. ಮೇಲಿಂದ ನೀರು ತೊಟ್ಟಿಕ್ಕಿ ಜರ್ಬೇರಾ ಗಿಡಗಳ ಬುಡ ಕೊಳೆಯತೊಡಗಿತ್ತು. ಅತ್ತೆ ನನಗೆ ಹೇಳದೆ ಶೀಟು ಹಾಕುವವನನ್ನು ಕರೆಸಿದ್ದರು.

"ನೀವು ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ಬಿದ್ದವನು ನನ್ನ ಮಗ ಕಣೇ. ನನಗೆ ಎದೆ ಹೊಡ್ಕೊಳ್ಳಲ್ವಾ? ಆದ್ರೆ ನೀನು ಹೂವನ್ನೂ ಕೊಳೆಯೋಕೆ ಬಿಟ್ಟು, ನೀನೂ..." ಅತ್ತೆ ಕತ್ತರಿ ಕೈಗೆತ್ತಿಕೊಂಡರು. "ಎಲೆ ಬಿಡಿಸು ಬಾ. ಬಿಸಿಲು ಏರ್ತಿದೆ."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಮಾತ್ರ ಹತ್ತಬಹುದು ಎಂದು ನಾನು ಹಟ ಹಿಡಿದೆ. ಅವನು ಎರಡು ಮಾತಾಡದೆ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿ ಕಮಾನಿಗೆ, ಬೆನ್ನ ಹಿಂದೆ ಹಾರಾಡುವ ಪ್ಲಾಸ್ಟಿಕ್. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ದಾರ ಕಟ್ಟಿದ ಗಾಳಿಪಟ!"

ಅಲ್ಲಿಂದ ಅವನ ಹೆಸರೇ ಗಾಳಿಪಟ.

*

ಗಾಳಿಪಟ ಹಾಡುತ್ತಿದ್ದ. ಹಾಡು ಅವನದೇ, ಸಾಹಿತ್ಯ ಅವತ್ತಿನ ಕೆಲಸ.

"ಒಂದು ಕ್ಲಿಪ್ಪು ಹಾಕಿದೆನೋ... ಇನ್ನೊಂದೆಲ್ಲೋ ಬಿತ್ತಲ್ಲೋ..."

"ಏ ಗಾಳಿಪಟ, ನಿನ್ನ ಹಾಡಿಗೆ ಹೂವೆಲ್ಲ ಬಾಡ್ತಿದೆಯಪ್ಪಾ!" ಶೆಡ್ಡಿನಿಂದ ಅತ್ತೆ.

"ಹೂವಿಗೆ ಕಿವಿ ಇಲ್ಲಮ್ಮಾ!"

"ನಮಗಿದೆಯಲ್ಲೋ!"

ಚಹಾದ ಹೊತ್ತಿಗೆ ಇಳಿದು ಬಂದಾಗ ನಾನೇ ಹೇಳಿದೆ. "ಸುಮ್ಮನೆ ಕೆಲಸ ಮಾಡೋಕಾಗಲ್ವಾ ನಿಮಗೆ?"

"ಆಗುತ್ತೆ. ಆದ್ರೆ ಹಾಡು ನಿಂತರೆ ನಿಮಗೆ ಹೇಗೆ ಗೊತ್ತಾಗಬೇಕು?"

"ಏನು?"

"ನಾನಿನ್ನೂ ಮೇಲೇ ಇದ್ದೀನಿ ಅಂತ."

ಲೋಟದ ಮೇಲಿನಿಂದ ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ಕೋಲ್ಡ್ ರೂಮಿನ ಸಂದಿಯಲ್ಲಿದ್ದ ಆ ಬಕೆಟ್ಟನ್ನು. ನಾನು ಅವನಿಗೆ ಏನೂ ಹೇಳಿರಲಿಲ್ಲ.

ಚಹಾ ಆರಿತು. ಶೆಡ್ಡಿನಲ್ಲಿ ಎಲೆ ಹರಿಯುವ ಸದ್ದು ನಿಂತಿತ್ತು. ಅತ್ತೆಯೂ ಕಿವಿ ಕೊಟ್ಟಿರಬೇಕು.

"ಹಾಡಿ," ಎಂದೆ.

*

ಮಾರನೆಯ ಬೆಳಗಿನಿಂದ ಅವನು ಏಣಿ ಹತ್ತುವ ಮೊದಲು ಪಾತಿಗೆ ಬರತೊಡಗಿದ. ಇಬ್ಬನಿ ಆರಿರುತ್ತಿತ್ತು, ಬಿಸಿಲು ಇನ್ನೂ ಎಳೆಯದು, ಹೂವಿನ ಮೈಯಲ್ಲಿ ನೀರು ತುಂಬಿರುವ ಹೊತ್ತು. ನಾನು ಕೊಯ್ಯುತ್ತಿದ್ದೆ. ಅವನು ಒಂದೊಂದೇ ಕಡ್ಡಿ ಹಿಡಿದು ಕೇಳುತ್ತಿದ್ದ.

"ಇದು ನಿಂತಿದೆಯಾ?"

"ಇಲ್ಲ."

"ಇದು?"

"ಅಷ್ಟು ಜೋರಾಗಿ ಅಲ್ಲ. ಮೆಲ್ಲಗೆ."

"ತೋರಿಸಿಕೊಡಿ ಮತ್ತೆ."

ಅವನ ಬೆರಳಿನ ಕೆಳಗೆ ನನ್ನ ಬೆರಳಿಟ್ಟು ಅಲ್ಲಾಡಿಸಿದೆ. ಕೆಂಪು ಹೂವಿನ ತಲೆ ನೆಟ್ಟಗೆ ನಿಂತಿತ್ತು. ಅವನು ಹೂ ನೋಡುತ್ತಿರಲಿಲ್ಲ. ನಾನು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನೀರಿಗಿಳಿಸಿದೆ. ಕೈ ಒದ್ದೆ ಮಾಡಿಕೊಂಡು ಕೆನ್ನೆಗೆ ಒತ್ತಿಕೊಂಡೆ, ಸೆಖೆಯೇನೂ ಇರಲಿಲ್ಲ.

ಅವತ್ತು ಅವನು ಏಣಿ ಹತ್ತುವಾಗ ಅವನ ಚಪ್ಪಲಿಯ ಹಿಮ್ಮಡಿ ಸವೆದಿರುವುದು ಕಣ್ಣಿಗೆ ಬಿತ್ತು.

ಅದುವರೆಗೆ ನನಗೆ ಛಾವಣಿಯ ಭಯವಿತ್ತು. ಈಗ ಆ ಚಪ್ಪಲಿಯ ಭಯ. ಊಟ ಮಾಡುವಾಗ ನೆನಪಾಗುತ್ತಿತ್ತು, ಬಕೆಟ್ ತೊಳೆಯುವಾಗ ನೆನಪಾಗುತ್ತಿತ್ತು. ಒಬ್ಬ ಮನುಷ್ಯ ನನಗೆ ಏನೋ ಆಗತೊಡಗಿದ್ದಾನೆಂದು ತಿಳಿದದ್ದು ಹೀಗೆ. ತಿಳಿದು ಗಾಬರಿಯಾಯಿತು.

"ಬೇರೆ ಚಪ್ಪಲಿ ಇಲ್ವಾ ನಿಮಗೆ?" ಎಂದು ಕೂಗಿದೆ.

"ಇದೆ! ಹಬ್ಬಕ್ಕೆ ಅಂತ ಇಟ್ಟಿದ್ದೀನಿ!"

"ನಾಳೆ ಹಾಕ್ಕೊಂಡು ಬನ್ನಿ!"

ಹಾಕಿಕೊಂಡು ಬಂದ. ಥಳಥಳ ಹೊಳೆಯುವ ಕಪ್ಪು ಚಪ್ಪಲಿ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ನೋಡೋಕೆ ಹೊರಟಿದ್ದೀಯೇನಪ್ಪಾ?" ಎಂದರು. ಅವನ ಕಿವಿ ಕೆಂಪಾಯಿತು. ಅತ್ತೆ ನನ್ನ ಕಡೆ ತಿರುಗಲಿಲ್ಲ. ಅದಕ್ಕೆ ನಾನು ಋಣಿ.

*

"ನಾಳೆ ಕೆಲಸ ಮುಗಿಯುತ್ತೆ," ಎಂದ ಒಂದು ಸಂಜೆ. "ಮುಗಿದ ಮೇಲೂ ಬರಲಾ?"

"ಯಾಕೆ?"

"ಹಾಡೋಕೆ."

ನಾನು ಕತ್ತರಿಯ ಅಲಗು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

"ತಮಾಷೆ ಬಿಡಿ," ಎಂದ ಮೆಲ್ಲಗೆ. "ನಿಮಗೋಸ್ಕರ ಬರಲಾ ಅಂತ ಕೇಳ್ತಿದ್ದೀನಿ."

ಒಪ್ಪಿದರೆ ಆ ಮೇಲೆ ಪ್ರತಿ ಬೆಳಗೂ ಅವನು ಎಲ್ಲೋ ಒಂದು ಛಾವಣಿ ಹತ್ತುತ್ತಾನೆ. ನಾನು ಎಲ್ಲೋ ನಿಂತು ಕಿವಿ ಕೊಡುತ್ತೇನೆ. ಹಾಡು ಕೇಳಿಸದಷ್ಟು ದೂರದಲ್ಲಿ.

"ನನ್ನ ಕತ್ತು ಇನ್ನೂ ನಿಂತಿಲ್ಲ," ಎಂದೆ.

ಅವನು ನಗಲಿಲ್ಲ. "ಹಾಗಾದ್ರೆ ಕೊಯ್ಯೋ ಮಾತೇ ಇಲ್ಲ. ಗಿಡದಲ್ಲೇ ಇರಲಿ." ಹೊಸ ಚಪ್ಪಲಿಯ ಮಣ್ಣು ಕೊಡವಿಕೊಂಡ. "ನಾಳೆ ಮುಗಿಸಿಕೊಟ್ಟು ಹೋಗ್ತೀನಿ."

ಬರ್ತೀನಿ ಎನ್ನಲಿಲ್ಲ. ಹೋಗ್ತೀನಿ ಎಂದ.

*

ಮರುದಿನ ಬೆಳಿಗ್ಗೆಯೇ ಗಾಳಿ ಎದ್ದಿತು.

ನಾನು ಕಾರ್ನೇಷನ್ ಬಕೆಟ್ಟುಗಳನ್ನು ಕೋಲ್ಡ್ ರೂಮಿನೊಳಗೆ ಸಾಗಿಸುತ್ತಿದ್ದೆ. ಹಾಡು ಕೇಳುತ್ತಿತ್ತು. ಗಾಳಿಯಲ್ಲಿ ತುಂಡುತುಂಡಾಗಿ, ಆದರೆ ಕೇಳುತ್ತಿತ್ತು. ಕೊನೆಯ ಬಕೆಟ್ ಗೋಡೆಗೆ ಸರಿಸುತ್ತಿದ್ದಾಗ ಗಾಳಿ ಒಮ್ಮೆಲೇ ಬಂದು ಬಾಗಿಲನ್ನು ನೂಕಿತು. ಸಂದಿಯ ಬಕೆಟ್ ಒಳಗೆ ಉರುಳಿ ಬಂತು. ಬಾಗಿಲು ಹಾಕಿಕೊಂಡಿತು.

ಏನೂ ಕೇಳಲಿಲ್ಲ. ಫ್ಯಾನಿನ ಗುಂಯ್‌ ಮಾತ್ರ.

ಒಳಗಿನಿಂದ ತಳ್ಳಿದರೆ ಸಾಕು, ಅದು ತೆರೆಯುತ್ತದೆ. ಅಂಗೈಯನ್ನು ಬಾಗಿಲಿಗೆ ಇಟ್ಟೆ. ತಳ್ಳಲಾಗಲಿಲ್ಲ. ತೆರೆಯದಿದ್ದರೆ ಆಚೆ ಏನೂ ಆಗಿರುವುದಿಲ್ಲ. ತೆರೆದರೆ ಜನ ಸೇರಿರುತ್ತಾರೆ. ಕಾರ್ನೇಷನ್ ಮೊಗ್ಗುಗಳೆಲ್ಲ ಬೆನ್ನ ಹಿಂದೆ ನೀರು ಕುಡಿಯುತ್ತಿದ್ದವು. ನನ್ನ ಉಸಿರು ಬೆಳ್ಳಗೆ ಕಾಣುತ್ತಿತ್ತು.

ತಳ್ಳಿದೆ.

ಹಾಡಿರಲಿಲ್ಲ.

ಏಣಿ ಜಿನ್ನಿಯಾ ಪಾತಿಯ ಮೇಲೆ ಅಡ್ಡ ಬಿದ್ದಿತ್ತು. ಕಮಾನಿನಿಂದ ಹಗ್ಗ ಇಳಿಬಿದ್ದು, ತುದಿಯಲ್ಲಿ ಯಾರೂ ಇಲ್ಲದೆ ತೂಗಾಡುತ್ತಿತ್ತು.

ಕೂಗಬೇಕೆಂದರೆ ಅವನನ್ನು ಏನೆಂದು ಕೂಗುವುದು? ಇಷ್ಟು ದಿನ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. "ರೀ!" ಎಂದೆ. ನನ್ನ ಗಂಡನ ನಂತರ ಯಾರಿಗೂ ಬಳಸದ ಮಾತು. "ರೀ! ಎಲ್ಲಿದ್ದೀರಿ?"

"ಊಂ. ಊಂ ಊಂ."

ಪಾಲಿಹೌಸಿನ ಆ ತುದಿಯಲ್ಲಿ, ಕಮಾನನ್ನು ಅವುಚಿಕೊಂಡು ಅವನು ಬೋರಲು ಮಲಗಿದ್ದ. ಒಂದು ಮುಷ್ಟಿಯಲ್ಲಿ ಶೀಟಿನ ಅಂಚು. ಹಲ್ಲಿನ ನಡುವೆ ಶೀಟು ಬಿಗಿಯುವ ಕ್ಲಿಪ್ಪುಗಳು. ಬಾಯಿ ತೆರೆಯುವಂತಿರಲಿಲ್ಲ. ಊಂ ಊಂ ಎನ್ನುತ್ತಿದ್ದದ್ದು ಅದೇ ಹಾಡು. ಅಷ್ಟು ಹೊತ್ತೂ ಹಾಡುತ್ತಲೇ ಇದ್ದ. ಗಾಳಿ ಕೇಳಿಸಗೊಟ್ಟಿರಲಿಲ್ಲ.

ಏಣಿ ಎತ್ತಿದೆ. ಹೇಗೆ ಎತ್ತಿದೆನೋ ತಿಳಿಯದು. ಅವನ ಬಳಿಗೆ ಎಳೆದು, ಕಂಬಿಗೆ ಆನಿಸಿ, ಎರಡೂ ಕೈಯಿಂದ ಹಿಡಿದೆ.

"ಇಳೀರಿ!"

ಅವನು ತಲೆ ಅಲ್ಲಾಡಿಸಿ, ಕೈಯಲ್ಲಿದ್ದ ಅಂಚು ತೋರಿಸಿದ. ಬಿಟ್ಟರೆ ಶೀಟು ಪೂರ್ತಿ ಹೋಗುತ್ತದೆ.

"ಹಾಳಾಗಿ ಹೋಗಲಿ ಶೀಟು! ಇಳೀರಿ ಅಂದ್ರೆ!"

ಟಕ್. ಒಂದು ಕ್ಲಿಪ್ಪು ಹಾಕಿದ. ಟಕ್. ಇನ್ನೊಂದು. ಬಾಯಿ ಖಾಲಿಯಾಗುತ್ತಿದ್ದಂತೆ ಊಂ ಊಂ ಮಾತಾಯಿತು. "ಹಗ್ಗ ಸಾಲಲಿಲ್ಲರೀ ಈ ಕೊನೆಗೆ... ಬಿಚ್ಚಿದೆ... ಬೈಬೇಡಿ..." ಟಕ್.

ಆಮೇಲೆ ಇಳಿಯತೊಡಗಿದ. ಏಣಿ ಗಡಗಡ ಸದ್ದು ಮಾಡುತ್ತಿತ್ತು.

"ಏಣಿ ಯಾಕೆ ಹಿಂಗೆ ನಡುಗ್ತಿದೆ?"

"ಏಣಿ ಅಲ್ಲ. ನಾನು."

ಕೊನೆಯ ಮೆಟ್ಟಿಲಿಗೆ ಬಂದು ನೆಲಕ್ಕೆ ಕಾಲಿಟ್ಟ. ನಾನು ಏಣಿ ಬಿಡಲಿಲ್ಲ. ನನ್ನ ಎರಡು ತೋಳುಗಳ ನಡುವೆ ಅವನು, ಬೆನ್ನಿಗೆ ಏಣಿ. ಅವನ ಅಂಗಿಯಿಂದ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ತುಟಿಯ ಮೇಲೆ ಕ್ಲಿಪ್ಪಿನ ಗುರುತು.

"ಇನ್ನು ಬಿಡಬಹುದು," ಎಂದ.

"ಆಗಲ್ಲ."

ನನ್ನ ಮಂಡಿ ನಡುಗುತ್ತಿತ್ತು, ಬೆನ್ನು ನಡುಗುತ್ತಿತ್ತು, ಮೊಣಕೈ ನಡುಗುತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬೆಳಗಿನ ಪಾತಿಯಲ್ಲಿ ಹೂ ನೋಡಬೇಕಾದಾಗ ನನ್ನನ್ನು ನೋಡುತ್ತಿದ್ದನಲ್ಲ, ಹಾಗೆ. ನಾನು ಕಣ್ಣು ತಗ್ಗಿಸಲಿಲ್ಲ. ಆಗ ನನಗೇ ತಿಳಿಯಿತು.

"ನೋಡಿ," ಎಂದೆ. "ಎಲ್ಲ ಅಲ್ಲಾಡ್ತಿದೆ."

"ಹ್ಞೂಂ."

"ತಲೆ?"

ಅವನು ನೋಡಿದ. ನಿಧಾನವಾಗಿ ನೋಡಿದ. "ನೆಟ್ಟಗಿದೆ," ಎಂದ.

"ಭಯ ಹೋಗಿಲ್ಲ. ಹೋಗೋದೂ ಇಲ್ಲ ಅನ್ಸುತ್ತೆ."

"ನನಗೂ ಭಯಾನೇ. ಇಲ್ಲದಿದ್ರೆ ಯಾರಾದ್ರೂ ಇಷ್ಟು ಹಾಡ್ತಾರಾ?"

ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ಅತ್ತೆ. ಕತ್ತರಿ ಕೈಯಲ್ಲೇ ಇತ್ತು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಾಡು ನಿಂತದ್ದು ಅವರಿಗೂ ಕೇಳಿತ್ತು. ಛಾವಣಿ ನೋಡಿದರು, ಅವನನ್ನು ನೋಡಿದರು, ಏಣಿ ಬಿಡದ ನನ್ನ ಕೈಗಳನ್ನು ನೋಡಿದರು. ಅಂಗೈಯಿಂದ ಮುಖ ಒರೆಸಿಕೊಂಡರು.

"ಗಾಳಿಪಟಕ್ಕೆ ದಾರ ಸಿಕ್ತಾ?" ಎಂದರು. ಉತ್ತರಕ್ಕೆ ಕಾಯಲಿಲ್ಲ. "ಮುರಿದ ಜಿನ್ನಿಯಾ ಎಲ್ಲ ಕೊಯ್ದು ನೀರಿಗಿಡಿ ಇಬ್ಬರೂ. ಈ ಸಲ ಎಲೆ ಬಿಡಿಸಪ್ಪಾ, ಮಹಾರಾಯ."

*

ಮಧ್ಯಾಹ್ನ ಕೋಲ್ಡ್ ರೂಮಿಗೆ ಹೋದೆ. ಉರುಳಿದ್ದ ಖಾಲಿ ಬಕೆಟ್ಟನ್ನು ಎತ್ತಿ, ನೀರು ತುಂಬಿ, ಮೊಗ್ಗುಗಳನ್ನಿಟ್ಟು ಉಳಿದವುಗಳ ಸಾಲಿಗೆ ಸೇರಿಸಿದೆ. ಬಾಗಿಲನ್ನು ಒಳಗಿನಿಂದ ಪೂರ್ತಿ ಎಳೆದುಕೊಂಡೆ.

ಏನೂ ಕೇಳಲಿಲ್ಲ. ಹೂವಿಗೆ ಚಳಿ ಬೇಕು, ಕತ್ತಲು ಬೇಕು, ಬಾಗಿಲು ಮುಚ್ಚಿರಬೇಕು. ನಿಂತೆ.

ಅಂಗೈಯನ್ನು ಬಾಗಿಲಿಗೆ ಒತ್ತಿದೆ. ಸದ್ದು ಬರುವುದಿಲ್ಲ ನಿಜ, ಆದರೆ ಆಚೆಯಿಂದ ಯಾರಾದರೂ ತಟ್ಟಿದರೆ ಅದು ಅಂಗೈಗೆ ತಾಗುತ್ತದೆ. ಇಷ್ಟು ದಿನ ನನಗದು ಗೊತ್ತಿರಲಿಲ್ಲ.

ತಟ್ಟುತ್ತಿದ್ದರು. ಹಾಡಿನ ಲಯಕ್ಕೆ.

ತಾಳ ತಪ್ಪಿತ್ತು. ಅವನೇ.