ಹಸ್ತಸ್ಮೃತಿ

ರಾಜಮತಿ ಉಪಾಧ್ಯೆಯವರು ಯೋಚಿಸುವ ಮೊದಲೇ ಅವರ ಬೆರಳುಗಳು ಸ್ವಿಚ್ಚನ್ನು ಹುಡುಕಿಕೊಂಡವು. ಪುಟ್ಟ ವಿಮಾನದ ಎಂಜಿನ್ ಗುರುಗುಟ್ಟಿತು. ಗಂಡನ ಆರೈಕೆಗೆಂದು ಹಾರಾಟ ಬಿಟ್ಟು ಹದಿನಾಲ್ಕು ವರ್ಷಗಳಾಗಿದ್ದ ಆ ಕೈಗಳಿಗೆ ಈಗ ತೆಳುವಾದ ಕೈಗವಸು ತೊಡಿಸಿದ್ದರು. ಅದರ ಹೆಸರು ಹಸ್ತಸ್ಮೃತಿ.

ಉಪಕರಣದ ತತ್ತ್ವ ಸರಳ. ಚಾಲಕರು ಹಿಂದೆ ವಿಮಾನವನ್ನು ಏರಿಳಿಸುವ ಹಿಡಿಕೋಲನ್ನು ಯಾವಾಗ ಎಳೆದರು, ಯಾವಾಗ ಬಿಟ್ಟರು ಎಂಬ ದಾಖಲೆ ತರಬೇತಿ ಶಾಲೆಯಲ್ಲಿರುತ್ತದೆ. ಗವಸು ಅದನ್ನು ಸಣ್ಣ ವಿದ್ಯುತ್ ಮಿಡಿತಗಳಾಗಿ ಸ್ನಾಯುಗಳಿಗೆ ಒಪ್ಪಿಸುತ್ತದೆ. ಅದನ್ನು ಕಂಡುಹಿಡಿದ ಡಾ. ಇರ್ಫಾನ್ ಮುಲ್ಲಾ ಅವರಿಗೆ ವಿಮಾನ ಹಾರಿಸುವುದರ ಗಂಧಗಾಳಿಯೂ ಇರಲಿಲ್ಲ. ಆದರೂ ಭರವಸೆಯಿಂದ ಪಕ್ಕದ ಸೀಟಿನಲ್ಲೇ ಕುಳಿತಿದ್ದರು.

ರಾಜಮತಿಯವರು ಮಾತ್ರ ಮತ್ತೆ ಮತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಮೈದಾನದಲ್ಲಿ ಪರೀಕ್ಷಕರು ನಿಂತಿದ್ದರು. ಇಂದು ಸರಿಯಾಗಿ ಇಳಿಸದಿದ್ದರೆ ಪರವಾನಗಿ ಶಾಶ್ವತವಾಗಿ ರದ್ದು.

“ಹೆದರಬ್ಯಾಡ್ರಿ ಮೇಡಂ, ನಿಮ್ಮ ಕೈಗೆ ಎಲ್ಲಾ ಗೊತ್ತೈತಿ,” ಎಂದರು ಮುಲ್ಲಾ.

“ಕೈಗೆ ಗೊತ್ತಿದ್ರ ಏನ್ ಬಂತ್ರಿ ಡಾಕ್ಟ್ರ, ನನಗ ಗೊತ್ತಿಲ್ಲಲ್ಲ!”

ಏರಿದ್ದು ಸಲೀಸು, ತಿರುಗಿದ್ದೂ ಚೊಕ್ಕ. ಇಳಿಯಬೇಕಾದ ಓಡುಹಾದಿ ಎದುರಿಗೆ ಅಗಲವಾಗುತ್ತ ಬಂತು. ನೆಲ ಇನ್ನೇನು ಮೂರಾಳು ಕೆಳಗಿದೆ ಎನ್ನುವಾಗ, ಎರಡೂ ಕೈಗಳು ಹಿಡಿಕೋಲನ್ನು ಬಿಟ್ಟು ವಿನಯದಿಂದ ತೊಡೆಯ ಮೇಲೆ ಕುಳಿತವು.

ರಾಜಮತಿ ಎಷ್ಟು ಹೆಣಗಿದರೂ ಬೆರಳು ಮಡಚಲಿಲ್ಲ. ಅವರು ಮೊಣಕೈಯಿಂದಲೇ ಹಿಡಿಕೋಲನ್ನು ಸುತ್ತಿ ಎದೆಗೆ ಸೆಳೆದುಕೊಂಡರು. ವಿಮಾನ ನೆಲಕ್ಕೆ ಬಡಿದು, ಕುಪ್ಪಳಿಸಿ, ಓರೆಯಾಗಿ ಹುಲ್ಲಿನಲ್ಲಿ ನಿಂತಿತು.

“ಏನಾತ್ರಿ ಇದು?” ಎಂದರು ಮುಲ್ಲಾ.

“ನನಗ ಹಾರಾಟ ಕಲಿಸಿದ ಕುಟಿನ್ಹೊ ಸರ್ ಪಾಠರಿ ಇದು. ನೆಲ ಹತ್ರ ಬಂತಂದ್ರ ‘ಈಗ ನನಗ ಕೊಡು’ ಅಂತಿದ್ರು. ಹಿಡಿಕೋಲು ಕೊಟ್ಟು, ಕೈ ತೊಡಿ ಮ್ಯಾಲ ಇಟ್ಕೋಬೇಕು. ಇಳಿಸೋದು ಅವರ ಕೆಲಸ.”

“ಅಂದ್ರ ನೀವು ಒಮ್ಮೆನೂ ಇಳಿಸಿಲ್ಲೇನ್ರಿ?”

“ಇಳಿಸೇನ್ರಿ, ಭಾಳ ಸಲ. ಒಬ್ಬಾಕೀನ ಹಾರಿದಾಗ. ಆದ್ರ ಶಾಲಿಯವರು ಪಾಠ ಇದ್ದಾಗಷ್ಟ ದಾಖಲು ಮಾಡ್ತಿದ್ರು.”

ದಾಖಲೆಯಲ್ಲಿ ಕೈ ಬಿಟ್ಟದ್ದೂ ಸೇರಿರುತ್ತದೆ ಎಂಬುದು ಇಷ್ಟು ವರ್ಷ ಲೆಕ್ಕ ಹಾಕಿದ ಮುಲ್ಲಾ ಅವರಿಗೆ ಹೊಳೆದಿರಲಿಲ್ಲ.

ಪರೀಕ್ಷಕರು ಓಡುತ್ತ ಬಂದು ಚಕ್ರಗಳನ್ನು ನೋಡಿದರು, ರಾಜಮತಿಯವರ ಮುಖವನ್ನೂ ನೋಡಿದರು. “ಇನ್ನೊಂದೇ ಅವಕಾಶ,” ಎಂದರು.

ರಾಜಮತಿ ಗವಸುಗಳನ್ನು ಕಿತ್ತು ಮುಲ್ಲಾ ಅವರ ಕೈಗಿಟ್ಟರು.

“ಇಳೀರಿ ಡಾಕ್ಟ್ರ. ಪಕ್ಕದಾಗ ಯಾರರ ಕೂತ್ರ, ಕೈ ಮತ್ತ ಕೊಡಾಕ ನೋಡ್ತಾವ.”