ಅಪ್ಪನ ಕೈಯ ಮುತ್ತುಗದ ಹೂ

ಅಪ್ಪನಿಗೆ ನಾನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದುಬಿಟ್ಟಿದ್ದೆ ಅಷ್ಟೇ. ಎರಡೂ ಒಂದೇ ಏನೋ ಎಂಬ ಅಳುಕು ಡೈರಿಯಲ್ಲಿ ಬರೆದರೂ ಹೋಗುತ್ತಿರಲಿಲ್ಲ.

೧೯೯೯ರ ಮಾರ್ಚ್. ನಿಗಡಿಯ ಗುಡ್ಡದಲ್ಲಿ ಮುತ್ತುಗದ ಮರಗಳು ಎಲೆಯೆಲ್ಲ ಉದುರಿಸಿ ಕೆಂಪಗೆ ಹೂಬಿಟ್ಟಿವೆ. ಅವ್ವ ಇದ್ದಾಗ ಮೂವರೂ ಬೆಳಿಗ್ಗೆ ಇಲ್ಲಿಗೆ ಬರುತ್ತಿದ್ದೆವು. ಜನರೆದುರು ಹೆಂಡತಿಗೆ ಹೂ ಕೊಡಲು ಅಪ್ಪನಿಗೆ ನಾಚಿಕೆ. ಒಂದು ಹೂ ಕಿತ್ತು, ಬೆನ್ನ ಹಿಂದೆ ಹಿಡಿದು ನಡೆಯುತ್ತಿದ್ದ. ನಾಲ್ಕು ಹೆಜ್ಜೆ ಹಿಂದಿರುತ್ತಿದ್ದ ಅವ್ವ ಅದನ್ನು ಮೆಲ್ಲಗೆ ತೆಗೆದುಕೊಳ್ಳುತ್ತಿದ್ದಳು.

ದೀಪಾವಳಿಗೆ ಮುಂಚೆ ಅವ್ವ ತೀರಿಕೊಂಡಳು. ಅಪ್ಪ ಈಗಲೂ ಹೂ ಹಿಡಿಯುತ್ತಾನೆ.

"ಏನ್ರಿ ಮಲಕಪ್ಪಾರ, ಈ ವಯಸ್ಸಿನ್ಯಾಗ ಹೂ ಯಾರಿಗ್ರಿ?" ಎದುರಾದ ಬಸವಪ್ರಭು ಕಾಕಾ ಇವತ್ತು ಕೆಣಕಿದರು.

"ಮಗಳು ತಗೋತಾಳ್ರಿ," ಅಪ್ಪ ನಕ್ಕ.

ನಾನು ಹತ್ತು ಹೆಜ್ಜೆ ಹಿಂದಿದ್ದೆ. ಬಿಸಿಲು ಏರಿದ್ದರೂ ನಮ್ಮಿಬ್ಬರ ನಡುವೆ ಗಾಳಿ ತಣ್ಣಗಿತ್ತು. ಕಲ್ಲಿಗೆ ಕಾಲುಂಗುರ ತಾಕಿದ ಸಣ್ಣ ಸಪ್ಪಳ ಕೇಳಿತು. ನನ್ನ ಕಾಲಲ್ಲಿ ಕ್ಯಾನ್ವಾಸ್ ಬೂಟು. ತಿರುವು ಬರುವಷ್ಟರಲ್ಲಿ ಅಪ್ಪನ ಕೈ ಬರಿದಾಗಿತ್ತು. ಹಿಂದಿರುಗಿ ಹುಡುಕಿದೆ, ದಾರಿಯಲ್ಲಿ ಹೂ ಬಿದ್ದಿರಲಿಲ್ಲ. ಹದಿನಾರು ದಿನದಿಂದ ಹೀಗೇ.

ಅಪ್ಪ ನಿಂತ. ಹಿಂದೆ ನೋಡದೆಯೇ ಹೇಳಿದ: "ಥೇಟ್ ಅವ್ವನಂಗ ಮೆಲ್ಲಕ ತಗೋತೀ ನೋಡವಾ. ನೀ ತಗೋತೀ ಅಂತನ ನಾ ದಿನಾ ಎದ್ದು ಬರ್ತೀನಿ."

ಸುಮ್ಮನಿದ್ದರೆ ಅಪ್ಪ ನಾಳೆಯೂ ಏಳುತ್ತಾನೆ. ಆದರೆ ಆ ಹೂ ನನಗೆ ಬಂದದ್ದಲ್ಲ.

"ಅಪ್ಪಾ," ಎಂದೆ. "ಒಂದ ದಿನಾನೂ ನಾ ತಗೊಂಡಿಲ್ಲ."